ಪರಭಾಷೆಯ ಓದು ಮತ್ತು ಪ್ರಾಮಾಣ್ಯದ ಪ್ರಶ್ನೆ

ತಾಯ್ನುಡಿಯ ಪುಸ್ತಕವನ್ನು ಓದುವಾಗ ಅರ್ಥ ಹೊಳೆಯುವುದೂ, ಹೊಳೆದ ಅರ್ಥವನ್ನು ಸರಿಯೆಂದು ಒಪ್ಪಿಕೊಳ್ಳುವುದೂ ಎಷ್ಟು ಒಂದಾಗಿ ನಡೆಯುತ್ತವೆಂದರೆ, ಅವು ಎರಡು ಬೇರೆ ಘಟನೆಗಳೆಂಬುದು ಓದುಗನ ಗಮನಕ್ಕೇ ಬರುವುದಿಲ್ಲ. ಪರಭಾಷೆಯ ಓದಿನಲ್ಲಿ ಈ ಎರಡರ ನಡುವೆ ಬಿರುಕು ಕಾಣಿಸಿಕೊಳ್ಳುತ್ತದೆ. ವಾಕ್ಯಕ್ಕೆ ಏನೋ ಒಂದು ಅರ್ಥ ತೋಚುತ್ತದೆ. ಆದರೆ ತೋಚಿದ್ದನ್ನು ನಂಬಿ ಮುಂದಿನ ವಾಕ್ಯಕ್ಕೆ ಹೋಗಬಹುದೇ, ಇಲ್ಲವೆ ಅಲ್ಲಿಯೇ ನಿಂತು ನಿಘಂಟು ತೆರೆದು, ಬಲ್ಲವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಸಾಲುಸಾಲಿಗೂ ಏಳುತ್ತದೆ. ಮನಶ್ಶಾಸ್ತ್ರ ಇದನ್ನು ಕಲಿಯುವವರ ಆತ್ಮವಿಶ್ವಾಸದ ಪ್ರಶ್ನೆಯಾಗಿ ನೋಡಿದೆ. ಭಾರತೀಯ ದರ್ಶನಗಳು ಇದಕ್ಕೆ ತೀರ ಹತ್ತಿರವಾದ ಪ್ರಶ್ನೆಯನ್ನು ಪ್ರಾಮಾಣ್ಯವಾದ ಎಂಬ ಹೆಸರಿನಲ್ಲಿ, ಅಂದರೆ ಒಂದು ಜ್ಞಾನ ಯಥಾರ್ಥವಾದದ್ದೆಂದು ತಿಳಿಯುವುದು ಹೇಗೆ ಎಂಬ ವಿಚಾರವಾಗಿ, ಶತಮಾನಗಳ ಕಾಲ ಚರ್ಚಿಸಿವೆ. ಎರಡು ಚರ್ಚೆಗಳನ್ನೂ ಒಟ್ಟಿಗಿಟ್ಟು ನೋಡಿದಾಗ, ಪರಭಾಷೆಯ ಓದುಗನಿಗೆ ನೆರವಾಗುವ ನಂಬಿಕೆಯ ವಿಷಯ ಅವನ ವ್ಯಕ್ತಿತ್ವವಲ್ಲ, ಅವನಲ್ಲಿ ಆಗಷ್ಟೇ ಹುಟ್ಟಿದ ಅರ್ಥಜ್ಞಾನ ಎಂಬುದೂ, ಆ ನಂಬಿಕೆ ತಿದ್ದುಪಡಿಗೆ ಸಿದ್ಧವಾಗಿರುವವರೆಗೆ ಮಾತ್ರ ಫಲಕಾರಿ ಎಂಬುದೂ ಸ್ಪಷ್ಟವಾಗುತ್ತದೆ.

ಆಧುನಿಕ ಚರ್ಚೆಯ ಮೂಲದಲ್ಲಿರುವುದು ಆಲ್ಬರ್ಟ್ ಬಂಡೂರ ಅವರು 1977ರಲ್ಲಿ ಪ್ರಕಟಿಸಿದ ಲೇಖನ. ನಿರ್ದಿಷ್ಟವಾದ ಒಂದು ಕೆಲಸವನ್ನು ತಾನು ಮಾಡಬಲ್ಲೆನೆಂಬ ವ್ಯಕ್ತಿಯ ಎಣಿಕೆಗೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ಸ್ವಸಾಮರ್ಥ್ಯದ ನಂಬಿಕೆ ಎನ್ನಬಹುದು. ಇದು ಆತ್ಮಗೌರವಕ್ಕಿಂತ ಭಿನ್ನವಾದದ್ದು, ಏಕೆಂದರೆ ಆತ್ಮಗೌರವ ತನ್ನ ಒಟ್ಟು ಯೋಗ್ಯತೆಯ ಕುರಿತ ಭಾವನೆಯಾದರೆ, ಇದು ಒಂದು ಕೆಲಸಕ್ಕೆ, ಅದರ ಒಂದು ಮಟ್ಟಕ್ಕೆ ಸೀಮಿತವಾದ ತೀರ್ಮಾನ. ಪತ್ರಿಕೆಯ ಸುದ್ದಿಯನ್ನು ಓದಬಲ್ಲೆನೆಂದು ನಂಬಿದವರೇ ಕಾನೂನಿನ ದಸ್ತಾವೇಜನ್ನು ಓದಲಾರೆನೆಂದು ನಂಬಿರಬಹುದು. ಬಂಡೂರ ಅವರ ಪ್ರಕಾರ ಈ ನಂಬಿಕೆಗೆ ನಾಲ್ಕು ಮೂಲಗಳಿವೆ: ಹಿಂದೆ ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡದ್ದು, ವಿಶ್ವಾಸಾರ್ಹರು ಹೇಳಿದ ಧೈರ್ಯದ ಮಾತು, ಮತ್ತು ಕೆಲಸದ ಹೊತ್ತಿನಲ್ಲಿ ತನ್ನ ದೇಹ ಹಾಗೂ ಮನಸ್ಸು ಇರುವ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಹೆಚ್ಚು ಬಲವಾದದ್ದು. ನಂಬಿಕೆಯುಳ್ಳವರು ಹೆಚ್ಚು ಕಷ್ಟದ ಕೆಲಸವನ್ನು ಆರಿಸಿಕೊಳ್ಳುತ್ತಾರೆ, ಅಡ್ಡಿ ಬಂದಾಗ ಬೇಗ ಕೈಬಿಡುವುದಿಲ್ಲ, ಮತ್ತು ಈ ಹಿಡಿತದಿಂದಲೇ ಅವರ ಸಾಮರ್ಥ್ಯ ಬೆಳೆಯುತ್ತದೆ ಎಂಬುದು ಸಿದ್ಧಾಂತದ ತಿರುಳು.

ಈ ವಿಚಾರ ಪರಭಾಷೆಯ ಓದಿಗೆ ಅನ್ವಯಿಸಲ್ಪಟ್ಟಾಗ ಬಂದ ಫಲಿತಾಂಶಗಳು ಮೇಲ್ನೋಟಕ್ಕೆ ಅನುಕೂಲಕರವಾಗಿವೆ. ಅಮೆರಿಕದಲ್ಲಿ ಫ್ರೆಂಚ್ ಕಲಿಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಕುರಿತು ಮಿಲ್ಸ್, ಪಹಾರೆಸ್ ಮತ್ತು ಹೆರನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದಬಲ್ಲೆನೆಂಬ ನಂಬಿಕೆಗೂ ಓದಿನ ಸಾಮರ್ಥ್ಯಕ್ಕೂ ಸಂಬಂಧ ಕಂಡುಬಂದಿತು. ಓದಿನ ಆತಂಕಕ್ಕೂ ಸಾಮರ್ಥ್ಯಕ್ಕೂ ಅಂಥ ಸಂಬಂಧ ಕಾಣಲಿಲ್ಲ. ಆದರೆ ಎರಡು ಸಂಗತಿಗಳು ಜೊತೆಯಾಗಿ ಇವೆಯೆಂದ ಮಾತ್ರಕ್ಕೆ ಯಾವುದು ಕಾರಣ, ಯಾವುದು ಕಾರ್ಯ ಎಂಬುದು ತಿಳಿಯುವುದಿಲ್ಲ. ಸ್ಪಾರ್ಕ್ಸ್ ಮತ್ತು ಗ್ಯಾನ್‌ಶೋ ಎಂಬ ವಿದ್ವಾಂಸರು 1990ರ ಸುಮಾರಿನಿಂದಲೂ ಇದಕ್ಕೆ ತಿರುವುಮುರುವಾದ ವಾದವನ್ನು ಮುಂದಿಟ್ಟಿದ್ದಾರೆ: ಧ್ವನಿಯನ್ನೂ ಅಕ್ಷರವನ್ನೂ ವಾಕ್ಯರಚನೆಯನ್ನೂ ಗ್ರಹಿಸುವ ಶಕ್ತಿಯಲ್ಲಿ ಕಲಿಯುವವರ ನಡುವೆ ತಾಯ್ನುಡಿಯ ಮಟ್ಟದಲ್ಲಿಯೇ ವ್ಯತ್ಯಾಸವಿರುತ್ತದೆ, ಪರಭಾಷೆಯ ಕಲಿಕೆಯಲ್ಲಿ ಅದೇ ಕಷ್ಟವಾಗಿ ಎದುರಾಗುತ್ತದೆ, ಅಂಜಿಕೆಯಾಗಲಿ ಅಪನಂಬಿಕೆಯಾಗಲಿ ಆ ಕಷ್ಟದ ಫಲವೇ ಹೊರತು ಕಾರಣವಲ್ಲ. ಹಾಗಾದರೆ ನಂಬಿಕೆಯಿದ್ದರೆ ಸಾಮರ್ಥ್ಯ, ಸಾಮರ್ಥ್ಯವಿದ್ದರೆ ನಂಬಿಕೆ ಎಂಬ ಸುತ್ತು ಉಳಿಯುತ್ತದೆ. ಒಂದು ಸಿದ್ಧಿಸಲು ಇನ್ನೊಂದು, ಇನ್ನೊಂದು ಸಿದ್ಧಿಸಲು ಮೊದಲಿನದು ಬೇಕಾಗುವ ಈ ದೋಷವನ್ನು ತರ್ಕಶಾಸ್ತ್ರ ಅನ್ಯೋನ್ಯಾಶ್ರಯವೆಂದು ಕರೆಯುತ್ತದೆ.

ಸುತ್ತನ್ನು ಬಿಡಿಸುವ ಮೊದಲು, ನಂಬಿಕೆ ಏನನ್ನು ಮಾಡಲಾರದು ಎಂಬುದನ್ನು ಗುರುತಿಸಿಕೊಳ್ಳಬೇಕು. ಪರಭಾಷೆಯ ಓದಿನ ತೊಡಕು ಓದಿನದೇ, ಭಾಷೆಯದೇ ಎಂಬ ಪ್ರಶ್ನೆಯನ್ನು ಆಲ್ಡರ್ಸನ್ 1984ರಲ್ಲಿ ಎತ್ತಿದರು. ಆ ಭಾಷೆಯ ಜ್ಞಾನ ಒಂದು ಹೊಸ್ತಿಲನ್ನು ದಾಟುವವರೆಗೆ ತಾಯ್ನುಡಿಯಲ್ಲಿ ಗಳಿಸಿದ ಓದಿನ ಕೌಶಲ ಕೆಲಸಕ್ಕೆ ಬರುವುದಿಲ್ಲವೆಂಬ ಕಡೆಗೆ ನಂತರದ ಸಂಶೋಧನೆ ವಾಲಿದೆ. ಎಲಿಜಬೆತ್ ಬರ್ನ್‌ಹಾರ್ಟ್ 2005ರಲ್ಲಿ ಮಂಡಿಸಿದ ಮಾದರಿಯಂತೆ, ಓದುಗರ ನಡುವಿನ ಸಾಮರ್ಥ್ಯದ ವ್ಯತ್ಯಾಸದಲ್ಲಿ ಸುಮಾರು 20 ಶೇಕಡ ತಾಯ್ನುಡಿಯ ಸಾಕ್ಷರತೆಯಿಂದಲೂ 30 ಶೇಕಡ ಪರಭಾಷೆಯ ಜ್ಞಾನದಿಂದಲೂ ಬರುತ್ತದೆ; ಉಳಿದ ಅರ್ಧದಲ್ಲಿ ಆಸಕ್ತಿ, ವಿಷಯದ ಪರಿಚಯ, ಓದಿನ ಉಪಾಯಗಳು, ತೊಡಗುವಿಕೆ ಮೊದಲಾದವು ಸೇರಿರಬಹುದು. ಪದಗಳ ವಿಚಾರದಲ್ಲಿ ಪಾಲ್ ನೇಶನ್ ಅವರ 2006ರ ಲೆಕ್ಕ ಇನ್ನೂ ಖಚಿತವಾದದ್ದು: ಬೇರೆಯವರ ಸಹಾಯವಿಲ್ಲದೆ ಇಂಗ್ಲಿಷ್ ಕಾದಂಬರಿಯನ್ನೋ ಪತ್ರಿಕೆಯನ್ನೋ ಓದಲು ಅದರಲ್ಲಿನ 98 ಶೇಕಡ ಪದಗಳು ಗೊತ್ತಿರಬೇಕು ಎಂದಿಟ್ಟುಕೊಂಡರೆ, ಅದಕ್ಕೆ 8,000ದಿಂದ 9,000 ಪದಕುಟುಂಬಗಳು, ಅಂದರೆ ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳ ಗುಂಪುಗಳು, ಪರಿಚಿತವಾಗಿರಬೇಕಾಗುತ್ತದೆ. ಗೊತ್ತಿಲ್ಲದ ಪದದ ಅರ್ಥವನ್ನು ಆತ್ಮವಿಶ್ವಾಸ ಒದಗಿಸಿಕೊಡಲಾರದು. ಕೌಶಲವೇ ಇಲ್ಲದ ಕಡೆ ನಂಬಿಕೆಯೊಂದರಿಂದ ಕೆಲಸ ಸಾಧ್ಯವಾಗದೆಂದು ಬಂಡೂರ ಅವರೂ ಒಪ್ಪಿದ್ದಾರೆ.

ಆದ್ದರಿಂದ ಅರ್ಧ ಗೊತ್ತಿರುವ ಕಡೆ, ಅಂದರೆ ಅರ್ಥ ಹುಟ್ಟುವಷ್ಟು ಭಾಷೆ ಇದ್ದು, ಹುಟ್ಟಿದ ಅರ್ಥದ ಮೇಲೆ ಭರವಸೆಯಿಲ್ಲದ ಕಡೆ, ನಂಬಿಕೆ ಏನು ಮಾಡುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಪ್ರಾಮಾಣ್ಯವಾದದ ಉಪಯೋಗ ಇಲ್ಲಿಂದ ಆರಂಭವಾಗುತ್ತದೆ. ಏಳನೆಯ ಶತಮಾನದ ಕುಮಾರಿಲ ಭಟ್ಟರು ಶ್ಲೋಕವಾರ್ತಿಕದಲ್ಲಿ ಪ್ರತಿಪಾದಿಸಿದ ಮೀಮಾಂಸಾ ಪಕ್ಷಕ್ಕೆ ಸ್ವತಃಪ್ರಾಮಾಣ್ಯವೆಂದು ಹೆಸರು. ಜ್ಞಾನ ಹುಟ್ಟುವಾಗಲೇ ಯಥಾರ್ಥವೆಂದು ತೋರುತ್ತ ಹುಟ್ಟುತ್ತದೆ; ಅದನ್ನು ಸುಳ್ಳಾಗಿಸುವ ಇನ್ನೊಂದು ಜ್ಞಾನ ಬಂದಾಗ, ಅಥವಾ ಅದು ಹುಟ್ಟಿದ ಕಾರಣಗಳಲ್ಲಿ ದೋಷ ಕಂಡಾಗ ಮಾತ್ರ ಅದನ್ನು ಕೈಬಿಡಬೇಕು. ಪ್ರತಿಯೊಂದು ಜ್ಞಾನಕ್ಕೂ ಹೊರಗಿನ ಸಾಕ್ಷ್ಯ ಬೇಕೆಂದರೆ ಆ ಸಾಕ್ಷ್ಯದ ಜ್ಞಾನಕ್ಕೂ ಮತ್ತೊಂದು ಸಾಕ್ಷ್ಯ ಬೇಕಾಗಿ, ಕೊನೆಯಿಲ್ಲದ ಅನವಸ್ಥೆ ಉಂಟಾಗುತ್ತದೆ ಎಂಬುದು ಅವರ ಮುಖ್ಯ ಯುಕ್ತಿ. ಸಂದೇಹ ಬಂದಾಗಲೂ ಪರೀಕ್ಷೆ ಮೂರು ನಾಲ್ಕು ಜ್ಞಾನಗಳನ್ನು ಮೀರಿ ಹೋಗಬೇಕಾಗಿಲ್ಲವೆಂದು ಕುಮಾರಿಲರು ಮಿತಿಯನ್ನೂ ಹಾಕಿದ್ದಾರೆ. ನಿಘಂಟಿನಲ್ಲಿ ಒಂದು ಪದದ ಅರ್ಥ ನೋಡಿ, ಆ ಅರ್ಥವಿವರಣೆಯಲ್ಲಿನ ಪದಕ್ಕೆ ಮತ್ತೊಮ್ಮೆ ನಿಘಂಟು ತೆರೆಯುವ ಓದುಗನ ಪಾಡು ಈ ಅನವಸ್ಥೆಯ ಸರಳ ನಿದರ್ಶನ; ಅವನು ಎಲ್ಲಿಯಾದರೂ ಒಂದು ಕಡೆ ನಂಬಿ ನಿಲ್ಲಲೇಬೇಕು.

ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವರದು ಪರತಃಪ್ರಾಮಾಣ್ಯವಾದ: ಜ್ಞಾನ ಹುಟ್ಟುವುದು ಒಂದು, ಅದು ಸರಿಯೆಂದು ತಿಳಿಯುವುದು ಇನ್ನೊಂದು, ಮತ್ತು ಎರಡನೆಯದು ಅನುಮಾನದಿಂದ, ಅಂದರೆ ತರ್ಕಬದ್ಧ ಊಹೆಯಿಂದ, ಆಗುತ್ತದೆ. ದೂರದಲ್ಲಿ ನೀರು ಕಂಡವನು ಹತ್ತಿರ ಹೋಗಿ ಕುಡಿದು ಬಾಯಾರಿಕೆ ತೀರಿದಾಗ ಮೊದಲಿನ ಜ್ಞಾನ ಸರಿಯಾಗಿತ್ತೆಂದು ಊಹಿಸುತ್ತಾನೆ. ಹದಿನಾಲ್ಕನೆಯ ಶತಮಾನದ ಗಂಗೇಶೋಪಾಧ್ಯಾಯರ ತತ್ತ್ವಚಿಂತಾಮಣಿಯಲ್ಲಿ ಬೆಳೆದ ಈ ವಾದದ ಒಂದು ಯುಕ್ತಿ ಪರಭಾಷೆಯ ಓದಿಗೆ ನೇರವಾಗಿ ತಗಲುವಂಥದು. ಪ್ರಾಮಾಣ್ಯ ತಾನಾಗಿಯೇ ತಿಳಿಯುವುದಾದರೆ, ಹೊಸ ಸನ್ನಿವೇಶದಲ್ಲಿ ಹುಟ್ಟಿದ ಜ್ಞಾನ ಸರಿಯೋ ತಪ್ಪೋ ಎಂಬ ಸಂಶಯವೇ ಬರಬಾರದಿತ್ತು; ಆದರೆ ಅಭ್ಯಾಸವಾಗಿರದ ಸ್ಥಿತಿಯಲ್ಲಿ, ಅವರ ಮಾತಿನಲ್ಲಿ ಅನಭ್ಯಾಸದಶೆಯಲ್ಲಿ, ಸಂಶಯ ಬರುವುದು ಎಲ್ಲರ ಅನುಭವ. ಅಭ್ಯಾಸವಾದ ವಿಷಯದಲ್ಲಿ ಆ ಬಗೆಯ ಜ್ಞಾನ ಹಿಂದೆಲ್ಲ ಸರಿಯಾಗಿಯೇ ಇತ್ತೆಂಬ ತಿಳಿವಳಿಕೆಯಿಂದ ನಿಶ್ಚಯ ಕೂಡಲೇ ಆಗುತ್ತದೆ. ತಾಯ್ನುಡಿಯ ಓದು ಅಭ್ಯಾಸದಶೆಯದು, ಪರಭಾಷೆಯ ಓದು ಅನಭ್ಯಾಸದಶೆಯದು ಎಂದರೆ ಆರಂಭದಲ್ಲಿ ಗುರುತಿಸಿದ ಬಿರುಕಿಗೆ ನ್ಯಾಯಶಾಸ್ತ್ರ ಕಾರಣ ಕೊಟ್ಟಂತಾಗುತ್ತದೆ. ಗೆದ್ದ ಅನುಭವವೇ ನಂಬಿಕೆಯ ಮುಖ್ಯ ಮೂಲವೆನ್ನುವ ಬಂಡೂರ ಅವರ ಮಾತೂ, ಸಫಲವಾದ ಪ್ರವೃತ್ತಿಯಿಂದ ಪ್ರಾಮಾಣ್ಯ ತಿಳಿಯುತ್ತದೆನ್ನುವ ನೈಯಾಯಿಕರ ಮಾತೂ ಇಲ್ಲಿ ಬಹಳ ಹತ್ತಿರ ಬರುತ್ತವೆ.

ಆದರೂ ಓದುವ ಕ್ರಿಯೆಗೆ ನೈಯಾಯಿಕರೇ ವಿಧಿಸಿರುವ ಒಂದು ನಿಯಮ, ಪ್ರತಿ ಹೆಜ್ಜೆಯಲ್ಲಿಯೂ ಹೊರಗಿನ ಖಚಿತತೆಯನ್ನು ಬೇಡುವ ಓದುಗನಿಗೆ ವಿರುದ್ಧವಾಗಿ ನಿಲ್ಲುತ್ತದೆ. ಪದಗಳಿಂದ ವಾಕ್ಯಾರ್ಥ ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ಅನ್ನಂಭಟ್ಟರ ತರ್ಕಸಂಗ್ರಹ ಹೇಳುತ್ತದೆ. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ, ಅರ್ಥಗಳು ಒಂದಕ್ಕೊಂದು ಹೊಂದುವುದು ಯೋಗ್ಯತೆ, ಪದಗಳು ತಡವಿಲ್ಲದೆ ಬರುವುದು ಸನ್ನಿಧಿ. ಹಸುವನ್ನು ತರುವಂತೆ ಹೇಳುವ ವಾಕ್ಯದ ಪದಗಳನ್ನು ಜಾವಕ್ಕೊಂದರಂತೆ ಉಚ್ಚರಿಸಿದರೆ ಅರ್ಥಬೋಧವಾಗದೆಂಬುದು ಅಲ್ಲಿ ಬರುವ ನಿದರ್ಶನ. ನಂಬಿಕೆಯಿಲ್ಲದ ಓದುಗ ಪ್ರತಿ ಪದಕ್ಕೂ ನಿಂತಾಗ ಕೆಡಿಸುವುದು ಈ ಸನ್ನಿಧಿಯನ್ನೇ. ಅರಿವಿನ ವಿಜ್ಞಾನ ಇದೇ ಸಂಗತಿಯನ್ನು ಕಾರ್ಯಸ್ಮೃತಿಯ, ಅಂದರೆ ಮಾಡುತ್ತಿರುವ ಕೆಲಸಕ್ಕೆ ಬೇಕಾದಷ್ಟನ್ನು ಮನಸ್ಸಿನಲ್ಲಿ ಕ್ಷಣಕಾಲ ಹಿಡಿದಿಡುವ ಶಕ್ತಿಯ, ಮಿತಿಯಾಗಿ ವಿವರಿಸುತ್ತದೆ: ವಾಕ್ಯದ ಕೊನೆ ತಲಪುವಷ್ಟರಲ್ಲಿ ಆರಂಭ ಮರೆತಿರುತ್ತದೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಗಿದ ಮೇಲೆ ನಾಮಪದವೂ, ಎಲ್ಲ ಕಾರಕಗಳ ನಂತರ ಕ್ರಿಯಾಪದವೂ ಬರುವುದರಿಂದ, ಕನ್ನಡದ ಓದುಗನ ಆಕಾಂಕ್ಷೆ ಆ ಕ್ರಮಕ್ಕೆ ಪಳಗಿರುತ್ತದೆ. ಕ್ರಿಯಾಪದವನ್ನು ಬೇಗ ಹೇಳಿ ವಿವರಗಳನ್ನು ಅದರ ಹಿಂದೆ ಜೋಡಿಸುತ್ತ ಹೋಗುವ ಇಂಗ್ಲಿಷ್ ವಾಕ್ಯದಲ್ಲಿ ಅವನು ಬೇರೆ ರೀತಿಯಲ್ಲಿ ಕಾಯುವುದನ್ನು ಕಲಿಯಬೇಕಾಗುತ್ತದೆ. ಹೀಗೆ ಕಾಯುವುದು, ಅರ್ಥ ಇನ್ನೂ ಪೂರ್ತಿಯಾಗದಿದ್ದರೂ ಪೂರ್ತಿಯಾದೀತೆಂಬ ಭರವಸೆಯಲ್ಲಿ ಮುಂದೆ ಸಾಗುವುದು, ನಂಬಿಕೆ ಓದಿನೊಳಗೆ ಮಾಡುವ ನಿಜವಾದ ಕೆಲಸ.

ಇದರಿಂದ ಅನ್ಯೋನ್ಯಾಶ್ರಯದ ಗಂಟು ಸಡಿಲಗೊಳ್ಳುತ್ತದೆ. ಒಂದು ವಾಕ್ಯದ ಮಟ್ಟದಲ್ಲಿ ನಂಬಿಕೆ ಮೊದಲು ಬರುತ್ತದೆ, ಏಕೆಂದರೆ ಅದಿಲ್ಲದೆ ಪದಗಳು ಒಟ್ಟುಗೂಡುವುದೇ ಇಲ್ಲ. ಇಡೀ ಕಲಿಕೆಯ ಮಟ್ಟದಲ್ಲಿ ಸಾಮರ್ಥ್ಯ ಮೊದಲು ಬರುತ್ತದೆ, ಏಕೆಂದರೆ ಹಲವು ವಾಕ್ಯಗಳು ಸರಿಯಾಗಿ ಅರ್ಥವಾದ ಮೇಲೆಯೇ ನಂಬಿಕೆ ಅಭ್ಯಾಸದ ಆಧಾರ ಪಡೆಯುತ್ತದೆ. ಎರಡು ಮಟ್ಟಗಳನ್ನು ಬೇರ್ಪಡಿಸಿ ಎರಡಕ್ಕೂ ಸ್ಥಾನ ಕೊಡುವ ನಿಲುವು ಮಧ್ವಾಚಾರ್ಯರ ದ್ವೈತ ಪರಂಪರೆಯಲ್ಲಿ ಕಾಣುತ್ತದೆ. ಜ್ಞಾನವನ್ನೂ ಅದರ ಯಾಥಾರ್ಥ್ಯವನ್ನೂ ಗ್ರಹಿಸುವುದು ಸಾಕ್ಷಿ, ಅಂದರೆ ಆತ್ಮದ ಸ್ವರೂಪವೇ ಆಗಿರುವ ಒಳಗಿನ ಅರಿವು, ಎಂದು ದ್ವೈತಿಗಳು ಹೇಳುತ್ತಾರೆ. ಸಂಶಯ ಅಡ್ಡಬಂದಾಗ ಪರೀಕ್ಷೆ ಬೇಕಾಗುತ್ತದೆ. ಆದರೆ ಪರೀಕ್ಷೆಯ ಕೆಲಸ ಆ ಅಡ್ಡಿಯನ್ನು ತೆಗೆಯುವುದಷ್ಟೆ, ಕೊನೆಯ ನಿಶ್ಚಯ ಸಾಕ್ಷಿಯದೇ, ಆದ್ದರಿಂದ ಅನವಸ್ಥೆಯೂ ಇಲ್ಲ. ವಿಜಯನಗರದ ಕಾಲದ ವ್ಯಾಸತೀರ್ಥರು ತರ್ಕತಾಂಡವದಲ್ಲಿ ಗಂಗೇಶರ ವಾದವನ್ನು ಎದುರಿಸಿ ಈ ನಿಲುವನ್ನು ವಿಸ್ತಾರವಾಗಿ ಸಮರ್ಥಿಸಿದರು. ಸಾಕ್ಷಿಯ ತತ್ತ್ವವನ್ನು ಒಪ್ಪದವರೂ ಇದರಿಂದ ಕಲಿಯಬಹುದಾದ ಪಾಠವೊಂದಿದೆ: ನಿಘಂಟು, ವ್ಯಾಕರಣ, ಗುರು ಇವೆಲ್ಲ ಪರೀಕ್ಷೆಯ ಸಾಧನಗಳು, ಅವು ಓದುಗನ ಸಂಶಯವನ್ನು ತೊಡೆಯಬಲ್ಲವೇ ಹೊರತು ಅವನ ಬದಲಿಗೆ ಅರ್ಥಮಾಡಿಕೊಳ್ಳಲಾರವು.

ಇಲ್ಲಿ ಆಕ್ಷೇಪವೊಂದಕ್ಕೆ ಉತ್ತರ ಕೊಡಬೇಕಾಗುತ್ತದೆ. ತೋಚಿದ್ದನ್ನು ನಂಬಿಕೊಂಡು ಹೋಗುವವನು ತಪ್ಪನ್ನೂ ಅಷ್ಟೇ ಧೈರ್ಯದಿಂದ ನಂಬಬಹುದಲ್ಲವೇ? ಗ್ಲೆನ್‌ಬರ್ಗ್ ಮತ್ತು ಸಂಗಡಿಗರು 1982ರಲ್ಲಿ ತಿಳಿದಿರುವ ಭ್ರಮೆ ಎಂದು ಹೆಸರಿಟ್ಟು ತೋರಿಸಿದ್ದು ಇದನ್ನೇ: ಒಂದರೊಡನೊಂದು ವಿರೋಧಿಸುವ ವಾಕ್ಯಗಳಿದ್ದ ಬರಹವನ್ನು ಓದಿದವರಲ್ಲಿ ಅನೇಕರು ವಿರೋಧವನ್ನು ಗಮನಿಸದೆ ತಮಗೆ ಎಲ್ಲ ಅರ್ಥವಾಯಿತೆಂದುಕೊಂಡರು. ಕುಮಾರಿಲರ ಸಿದ್ಧಾಂತ ಇಂಥ ಕುರುಡು ಧೈರ್ಯವನ್ನು ಸಮರ್ಥಿಸುವುದಿಲ್ಲ, ಏಕೆಂದರೆ ಬಾಧಕಜ್ಞಾನ, ಅಂದರೆ ಮೊದಲಿನ ಜ್ಞಾನವನ್ನು ಸುಳ್ಳಾಗಿಸುವ ಜ್ಞಾನ, ಬಂದ ಕೂಡಲೇ ಹಳೆಯದನ್ನು ಬಿಡಬೇಕೆಂಬುದು ಅದರ ಅವಿಭಾಜ್ಯ ಭಾಗ. ನುರಿತ ಓದುಗನನ್ನು ಗುರುತಿಸುವ ಲಕ್ಷಣವೂ ಇದೇ. ಅವನು ಸಂಶಯಪಡುವುದಿಲ್ಲವೆಂದಲ್ಲ, ಮುಂದಿನ ವಾಕ್ಯಕ್ಕೆ ಹೊಂದದಿದ್ದಾಗ ಹಿಂದಿನ ಅರ್ಥವನ್ನು ಮರಳಿ ನೋಡುತ್ತಾನೆ. ಕಾರಣವಿದ್ದಾಗ ಸಂಶಯಪಡುತ್ತಾನೆ, ಕಾರಣವಿಲ್ಲದೆ ಪಡುವುದಿಲ್ಲ.

ಕ್ರೈಸ್ತ ಧರ್ಮದ ಇತಿಹಾಸದಲ್ಲಿಯೂ ಪರಭಾಷೆಯ ಓದಿನಲ್ಲಿನ ನಂಬಿಕೆಯ ಈ ಪ್ರಶ್ನೆ ಬಹಳ ಹಿಂದೆಯೇ ಇಬ್ಬರ ಬದುಕಿನಲ್ಲಿ ಎದ್ದಿತ್ತು. ನಾಲ್ಕನೆಯ ಶತಮಾನದ ಜೆರೋಮ್, ಸಿಸೆರೊ ಮತ್ತು ಕ್ವಿಂಟಿಲಿಯನ್ನರ ಲ್ಯಾಟಿನ್‌ನಲ್ಲಿ ಪಳಗಿದವನು, ಸಿರಿಯದ ಖಾಲ್ಕಿಸ್ ಮರುಭೂಮಿಯಲ್ಲಿ ತಪಸ್ವಿಯಾಗಿದ್ದಾಗ, ಕ್ರೈಸ್ತನಾಗಿದ್ದ ಯೆಹೂದಿಯೊಬ್ಬನ ಬಳಿ ಹೀಬ್ರೂ ಅಕ್ಷರಮಾಲೆಯಿಂದ ಕಲಿಕೆಯನ್ನು ಆರಂಭಿಸಿದ. ಎಷ್ಟೋ ಬಾರಿ ಹತಾಶನಾಗಿ ಬಿಟ್ಟು, ಕಲಿಯಲೇಬೇಕೆಂಬ ಹಟದಿಂದ ಮತ್ತೆ ಹಿಡಿದುದಾಗಿ ಅವನು ಮುಪ್ಪಿನಲ್ಲಿ ರುಸ್ಟಿಕಸನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ದಾನಿಯೇಲನ ಗ್ರಂಥದಲ್ಲಿ ಬರುವ ಅರಮೈಕ್ ಭಾಷೆಯ ಎದುರು ಅವನು ಕೈಚೆಲ್ಲಿದಾಗ, ಬಿಡದ ದುಡಿಮೆಗೆ ಎಲ್ಲವೂ ಮಣಿಯುತ್ತದೆಂದು ಯೆಹೂದಿಯೊಬ್ಬನು ಮತ್ತೆ ಮತ್ತೆ ಧೈರ್ಯ ಹೇಳಿದ್ದೂ, ಕೊನೆಗೆ ಆ ಭಾಷೆಯನ್ನು ಉಚ್ಚರಿಸುವುದಕ್ಕಿಂತ ಚೆನ್ನಾಗಿ ಓದಿ ಅರ್ಥಮಾಡಿಕೊಳ್ಳುವಷ್ಟು ಕಲಿತದ್ದೂ ಆ ಗ್ರಂಥಕ್ಕೆ ಅವನು ಬರೆದ ಮುನ್ನುಡಿಯಲ್ಲಿ ದಾಖಲಾಗಿದೆ. ಮುಂದೆ ಬೆತ್ಲೆಹೇಮಿನಲ್ಲಿ ಬಾರ್ ಅನಿನಾ ಎಂಬ ಗುರು ಸ್ವಜನರ ಭಯದಿಂದ ರಾತ್ರಿ ಹೊತ್ತು ಬಂದು ಅವನಿಗೆ ಪಾಠ ಹೇಳಿದನು. ಹಳೆಯ ಒಡಂಬಡಿಕೆಯನ್ನು ಗ್ರೀಕ್ ಅನುವಾದದ ಬದಲು ಹೀಬ್ರೂ ಮೂಲದಿಂದಲೇ ಲ್ಯಾಟಿನ್‌ಗೆ ತರುವ ಧೈರ್ಯ ಅವನಿಗೆ ಬಂದದ್ದು ಇಂಥ ಗುರುಗಳ ತಿದ್ದುಪಡಿಯಲ್ಲಿ ಪಳಗಿದ ಮೇಲೆ.

ಅವನ ಸಮಕಾಲೀನ ಅಗಸ್ಟೀನ್‌ನ ಅನುಭವ ಬೇರೆ. ಲ್ಯಾಟಿನ್ನನ್ನು ದಾದಿಯರ ಮುದ್ದಿನಲ್ಲಿ, ಆಟದಲ್ಲಿ, ಹೆದರಿಕೆಯಿಲ್ಲದೆ ಕಲಿತ ತಾನು ಗ್ರೀಕನ್ನು ಶಿಕ್ಷೆಯ ಭಯದಲ್ಲಿ ಕಲಿಯಬೇಕಾಗಿ ಬಂದು ಅದನ್ನು ದ್ವೇಷಿಸಿದೆನೆಂದು ಆತ್ಮನಿವೇದನೆಯೆಂಬ ತನ್ನ ಗ್ರಂಥದ ಮೊದಲ ಭಾಗದಲ್ಲಿ ನೆನೆದು, ಕಲಿಕೆಯಲ್ಲಿ ಭಯದ ಬಲವಂತಕ್ಕಿಂತ ಸ್ವತಂತ್ರ ಕುತೂಹಲಕ್ಕೆ ಹೆಚ್ಚು ಶಕ್ತಿಯೆಂದು ಅವನು ತೀರ್ಮಾನಿಸುತ್ತಾನೆ. ಹೆಚ್ಚು ಗಮನಾರ್ಹವಾದದ್ದು ಅವನ ಪ್ರೌಢ ವಯಸ್ಸಿನ ಮಾತು: ತ್ರಿಯೇಕತ್ವವನ್ನು ಕುರಿತ ಗ್ರಂಥದಲ್ಲಿ, ಅಂಥ ವಿಷಯದ ಗ್ರೀಕ್ ಪುಸ್ತಕಗಳನ್ನು ಓದಿ ತಿಳಿಯುವಷ್ಟು ಆ ಭಾಷೆಯ ಅಭ್ಯಾಸ ತನಗಿಲ್ಲವೆಂದು ಅವನು ಒಪ್ಪಿಕೊಳ್ಳುತ್ತಾನೆ. ಕೆಲಸಕ್ಕೂ ಮಟ್ಟಕ್ಕೂ ತಕ್ಕಂತೆ ಅಳೆದು ಹೇಳಿದ ಈ ತೀರ್ಮಾನದಲ್ಲಿ ಕೀಳರಿಮೆಯಿಲ್ಲ. ಅವನದೇ ಇನ್ನೊಂದು ಗ್ರಂಥ, ಕ್ರೈಸ್ತ ಬೋಧನೆಯನ್ನು ಕುರಿತದ್ದು, ದೇವರೇ ಅರ್ಥವನ್ನು ತಿಳಿಸುವುದರಿಂದ ತಮಗೆ ಮನುಷ್ಯರ ಪಾಠ ಬೇಡವೆನ್ನುವವರಿಗೆ, ಅವರೆಲ್ಲ ತಾಯ್ನುಡಿಯನ್ನು ಬಾಲ್ಯದಲ್ಲಿ ಇತರರಿಂದ ಕೇಳಿಯೇ ಕಲಿತರೆಂಬುದನ್ನು ನೆನಪಿಸುತ್ತದೆ. ಹಿರಿಯರ ಮಾತನ್ನೂ ಅದಕ್ಕೆ ತಕ್ಕ ನಡೆಯನ್ನೂ ನೋಡಿ ಮಗು ಪದಾರ್ಥ ಕಲಿಯುತ್ತದೆಂದು ಮೀಮಾಂಸಕರು ವೃದ್ಧವ್ಯವಹಾರವೆಂಬ ಹೆಸರಿನಲ್ಲಿ ಹೇಳುವ ಮಾತಿಗೂ ಇದಕ್ಕೂ ದೂರವಿಲ್ಲ. ಹಾಗಾಗಿ ಓದುಗನ ಸ್ವಂತ ನಂಬಿಕೆಯೆನ್ನುವುದರ ಬೇರು ಇತರರ ಮೇಲಿನ ನಂಬಿಕೆಯಲ್ಲಿದೆ.

ಧಾರ್ಮಿಕ ದೃಷ್ಟಿಯಿಂದ ಇಲ್ಲೊಂದು ಆತಂಕ ಸಹಜ: ಆತ್ಮವಿಶ್ವಾಸ ಅಹಂಕಾರಕ್ಕೆ ತಿರುಗುವುದಿಲ್ಲವೇ, ಶಾಸ್ತ್ರವನ್ನು ಓದುವವನಿಗೆ ವಿನಯವೇ ಹೆಚ್ಚು ಒಪ್ಪುವುದಲ್ಲವೇ? ಪತಂಜಲಿಯ ಯೋಗಸೂತ್ರದ ಮೊದಲ ಪಾದ ಕೊಡುವ ಸಾಧನಗಳ ಅನುಕ್ರಮ ಇದಕ್ಕೆ ಉತ್ತರದಂತಿದೆ. ಅಲ್ಲಿ ಶ್ರದ್ಧೆ ಮೊದಲು ಬರುತ್ತದೆ; ಅದರ ಹಿಂದೆ ವೀರ್ಯ, ಅಂದರೆ ಉತ್ಸಾಹಪೂರ್ಣ ಪ್ರಯತ್ನ, ಆಮೇಲೆ ಸ್ಮೃತಿ, ಏಕಾಗ್ರತೆ, ಕೊನೆಗೆ ಪ್ರಜ್ಞೆ ಬರುತ್ತವೆ. ಯೋಗಿಯ ಸಾಧನೆಗಾಗಿ ಹೇಳಿದ ಈ ಸಾಲು ಓದುಗನ ಸಾಧನೆಗೂ ಒಪ್ಪುವುದಕ್ಕೆ ಕಾರಣ, ಶ್ರದ್ಧೆಯ ಮುಖ ಸಾಧಿಸಬೇಕಾದ ವಿಷಯದ ಕಡೆಗಿರುವುದು. ತನ್ನನ್ನು ಮೆಚ್ಚಿಕೊಳ್ಳುವವನು ತಪ್ಪನ್ನು ಅವಮಾನವೆಂದು ಭಾವಿಸಿ ಮುಚ್ಚಿಡುತ್ತಾನೆ, ತನ್ನನ್ನು ಹಳಿದುಕೊಳ್ಳುವವನು ಅದನ್ನು ತನ್ನ ಅಯೋಗ್ಯತೆಗೆ ಪುರಾವೆಯಾಗಿ ಎತ್ತಿಹಿಡಿಯುತ್ತಾನೆ. ಇಬ್ಬರ ಗಮನವೂ ಪಠ್ಯದಿಂದ ಜಾರಿ ತಮ್ಮ ಮೇಲೆ ಬಿದ್ದಿರುತ್ತದೆ. ಪಠ್ಯಕ್ಕೆ ಅರ್ಥವಿದೆ, ಪ್ರಯತ್ನಿಸಿದರೆ ಅದು ಸಿಗುತ್ತದೆ ಎಂದು ನಂಬಿದವನಿಗೆ ತಪ್ಪು ಆ ಅರ್ಥದ ಕಡೆಗೆ ಇನ್ನೊಂದು ಹೆಜ್ಜೆ ಮಾತ್ರ.

ಈ ವಿಚಾರದಿಂದ ಕಲಿಸುವವರ ಹೊಣೆಯೂ ಬದಲಾಗುತ್ತದೆ. ನಿನ್ನಿಂದ ಆಗುತ್ತದೆಂದು ಹೊಗಳುವುದು ನಂಬಿಕೆಯ ನಾಲ್ಕು ಮೂಲಗಳಲ್ಲಿ ಒಂದನ್ನಷ್ಟೇ, ಅದೂ ಬಲಹೀನವಾದದ್ದನ್ನು, ಉಪಯೋಗಿಸಿದಂತೆ. ಓದುಗನ ನಂಬಿಕೆ ಬಹುಪಾಲು ನಿಜವಾಗುವಂಥ ಪಠ್ಯವನ್ನು, ಅಂದರೆ ಹೆಚ್ಚಿನ ಪದಗಳು ಗೊತ್ತಿದ್ದು ಕೆಲವು ಮಾತ್ರ ಹೊಸದಾಗಿರುವ ಪಠ್ಯವನ್ನು, ಹೇರಳವಾಗಿ ಒದಗಿಸುವುದೇ ಅನಭ್ಯಾಸದಶೆಯನ್ನು ಅಭ್ಯಾಸದಶೆಯಾಗಿ ಮಾರ್ಪಡಿಸುವ ದಾರಿ. ಪುಟ ಮುಗಿಯುವವರೆಗೆ ನಿಘಂಟನ್ನು ತೆರೆಯದೆ ಓದಿ, ಆನಂತರ ಸಂಶಯ ಉಳಿದ ಕಡೆಗಳನ್ನು ಮಾತ್ರ ಪರೀಕ್ಷಿಸುವ ಕ್ರಮ ಸನ್ನಿಧಿಯನ್ನೂ ಉಳಿಸುತ್ತದೆ, ಬಾಧಕಜ್ಞಾನಕ್ಕೂ ಅವಕಾಶ ಕೊಡುತ್ತದೆ. ಧ್ವನಿ ಮತ್ತು ಅಕ್ಷರಗಳ ಗ್ರಹಿಕೆಯಲ್ಲಿಯೇ ತೊಡಕಿರುವವರಿಗೆ ಇದು ಸಾಲದು. ಅವರಿಗೆ ಆ ಮಟ್ಟದ ಪಾಠವೇ ಬೇಕು, ಮತ್ತು ಅವರ ಅಪನಂಬಿಕೆಯನ್ನು ದೋಷವೆಂದು ಹಳಿಯುವುದು ಅನ್ಯಾಯ, ಏಕೆಂದರೆ ಅದು ಅವರ ಸ್ಥಿತಿಯ ಸರಿಯಾದ ಅಳತೆಯೇ ಆಗಿರಬಹುದು. ಅಳತೆ ಸರಿಯಿದ್ದಲ್ಲಿ ಕಲಿಸಬೇಕಾದದ್ದು ಭಾಷೆಯನ್ನು. ಭಾಷೆ ಇದ್ದೂ ಅರ್ಥವನ್ನು ಒಪ್ಪಲು ಹಿಂಜರಿಯುವಲ್ಲಿ ಕಲಿಸಬೇಕಾದದ್ದು, ಬಾಧಕ ಬರುವವರೆಗೆ ಹೊಳೆದದ್ದನ್ನು ಸರಿಯೆಂದು ಹಿಡಿದು ಓದುವ ಧೈರ್ಯವನ್ನು. ಇವೆರಡರ ವ್ಯತ್ಯಾಸವನ್ನು ಪ್ರತಿ ವಿದ್ಯಾರ್ಥಿಯಲ್ಲಿಯೂ ಗುರುತಿಸಬಲ್ಲ ಗುರುವಿನ ಕೈಯಲ್ಲಿ ಮಾತ್ರ ಆತ್ಮವಿಶ್ವಾಸವೆಂಬುದು ಶಿಕ್ಷಣದ ಸಾಧನವಾಗುತ್ತದೆ.